ತಿರುಗಿ ನೋಡದ ನೀಲಮ್ಮ

ಬಂಧುಗಳನ್ನೆಲ್ಲ ರೈಲು ಹತ್ತಿಸಿ ಬಂದ ಮಾರನೆಯ ಬೆಳಗ್ಗೆ ಬಾಗಿಲ ಮುಂದೆ ಹಾಲಿನ ಎರಡು ಪ್ಯಾಕೆಟ್ಟುಗಳಿದ್ದವು. ಇನ್ನು ಒಂದೇ ಸಾಕು ಎಂದು ಹಾಲಿನವನಿಗೆ ಹೇಳಬೇಕೆಂಬುದು ಯಾರಿಗೂ ಹೊಳೆದಿರಲಿಲ್ಲ. ಹದಿಮೂರು ದಿನವೂ ಮನೆ ತುಂಬ ಜನ. ನಾಲ್ಕು ಪ್ಯಾಕೆಟ್ಟು ತಂದರೂ ಸಾಲುತ್ತಿರಲಿಲ್ಲ. ಹರಿಣಿ ಎರಡನ್ನೂ ಎತ್ತಿಕೊಂಡು ಒಳಗೆ ಬಂದು ಬಾಗಿಲು ತಳ್ಳಿದಳು. ಅದು ನೆಲಕ್ಕೆ ಉಜ್ಜಿಕೊಂಡು ಕರ್ರೆಂದು ಕಿರುಚಿ ನಿಂತಿತು.

ಆ ಬಾಗಿಲು ಹದಿಮೂರು ದಿನದಿಂದಲೂ ಹಾಗೆಯೇ ಕಿರುಚಿತ್ತು. ಮೈಸೂರಿನಿಂದ ಬಂದ ಅವಳ ಅಮ್ಮ ತಳ್ಳಿದಾಗ, ಮಾವ ತಳ್ಳಿದಾಗ, ಕಾರ್ಖಾನೆಯಿಂದ ಸುಮುಖನ ಜೊತೆಯವರು ಬಂದು ಚಪ್ಪಲಿ ಬಿಟ್ಟು ಒಳಗೆ ಕಾಲಿಟ್ಟಾಗ, ಪಕ್ಕದ ಕ್ವಾರ್ಟರ್ಸಿನ ಸೂರ್ಯಕಾಂತಮ್ಮ ಇಡ್ಲಿ ಮುಚ್ಚಿಕೊಂಡು ತಂದಾಗ. ಒಂದೊಂದು ಸಲವೂ ಹರಿಣಿ ತಲೆ ಎತ್ತಿ ಅತ್ತ ನೋಡಿದ್ದಳು. ಪಾಪ, ಸದ್ದಿಗೆ ಬೆಚ್ಚುತ್ತಾಳೆ ಎಂದು ಅತ್ತೆ ಯಾರಿಗೋ ಪಿಸುಗುಟ್ಟಿದ್ದು ಅವಳ ಕಿವಿಗೆ ಬಿದ್ದಿತ್ತು.

ಅಮ್ಮ ಕರೆದುಕೊಂಡು ಹೋಗುತ್ತೇನೆ ಎಂದು ಹಟ ಹಿಡಿದಿದ್ದಳು. ವಿಶಾಖಪಟ್ಟಣದಲ್ಲಿ ಇನ್ನೇನಿದೆ ನಿನಗೆ ಎಂದು ಕೇಳಿದ್ದಳು. ಕಾರ್ಖಾನೆಯ ಕಾಗದಪತ್ರಗಳಿವೆ, ಮನೆ ಬಿಟ್ಟುಕೊಡಬೇಕು, ಯುಗಾದಿ ಕಳೆಯಲಿ ಎಂದು ಹರಿಣಿ ಹೇಳಿದಳು. ಹೇಳದೆ ಉಳಿಸಿಕೊಂಡದ್ದು ಒಂದಿತ್ತು. ಸುಮುಖನ ಮೇಜಿನ ಡ್ರಾಯರಿನಲ್ಲಿ ಬೇರೆಯವರ ಪುಸ್ತಕವೊಂದಿತ್ತು. ಅದನ್ನು ಯುಗಾದಿಗೆ ಮೊದಲು ವಿಜಯವಾಡಕ್ಕೆ ಮುಟ್ಟಿಸುತ್ತೇನೆಂದು ಅವನು ಮಾತು ಕೊಟ್ಟಿದ್ದ.

ಪುಸ್ತಕ ಎಂದರೆ ಅಚ್ಚಾದದ್ದಲ್ಲ. ಅದರ ಹೆಸರು ‘ಬುತ್ತಿ’. ವಿಜಯವಾಡದಿಂದ ವಿಶಾಖಪಟ್ಟಣದವರೆಗೆ ಬ್ಯಾಂಕು, ಕಾರ್ಖಾನೆ, ಥರ್ಮಲ್ ಸ್ಟೇಷನ್ನು ಎಂದು ಚದುರಿಹೋದ ಮೂವತ್ತು ಮೂವತ್ತೈದು ಕನ್ನಡದ ಮನೆಗಳು ವರ್ಷಕ್ಕೊಮ್ಮೆ ಮಾಡಿಕೊಳ್ಳುತ್ತಿದ್ದ ಕೈಬರಹದ ಪತ್ರಿಕೆ. ಒಂದೇ ಪ್ರತಿ. ವಿಜಯವಾಡದ ಬೆಂಜ್ ಸರ್ಕಲ್ಲಿನ ಹತ್ತಿರ ಮನೆ ಮಾಡಿಕೊಂಡಿದ್ದ ಬ್ಯಾಂಕ್ ಅಧಿಕಾರಿ ಶಂಕರಪ್ಪನವರು ಎಲ್ಲರ ಬರಹಗಳನ್ನೂ ತಮ್ಮ ದುಂಡಗಿನ ಅಕ್ಷರದಲ್ಲಿ ಬರೆದು, ಖಾಕಿ ಬಟ್ಟೆಯ ರಟ್ಟು ಹಾಕಿಸಿ, ಲಾಡಿ ಕಟ್ಟಿ ಕಳಿಸುತ್ತಿದ್ದರು. ರತ್ನಾಚಲ್ ರೈಲಿನಲ್ಲಿ ಓಡಾಡುವ ಯಾರಾದರೂ ಅದನ್ನು ಹೊತ್ತು ತರುತ್ತಿದ್ದರು. ಬರೆದವರ ಹೆಸರು ಇರುತ್ತಿರಲಿಲ್ಲ. ಅದನ್ನು ಯುಗಾದಿಯ ಕೂಟದಲ್ಲಿ ಹೇಳುವುದು. ಓದಿದವರು ಮಾತ್ರ ಕೊನೆಯ ಬಿಳಿ ಹಾಳೆಗಳಲ್ಲಿ ತಮ್ಮ ಹೆಸರು ಹಾಕಿ ಅಭಿಪ್ರಾಯ ಬರೆಯಲೇಬೇಕು. ಬರೆಯದೆ ಮುಂದಿನ ಮನೆಗೆ ದಾಟಿಸುವ ಹಾಗಿಲ್ಲ.

ಆ ವರ್ಷದ ಬುತ್ತಿಯಲ್ಲಿ ‘ಇನ್ನೊಂದು ಹಿಡಿ’ ಎಂಬ ಆರು ಪುಟದ ಕಥೆಯಿತ್ತು. ನೀಲಮ್ಮ ಎಂಬ ಹೆಂಗಸು. ಗಂಡ ಜಗಳವಾಡಿ ಮನೆ ಬಿಟ್ಟು ಹೋಗಿ ಎಂಟು ವರ್ಷ. ಅವಳು ಬೀಡಿ ಕಟ್ಟುತ್ತಾಳೆ, ಒಂದು ಹೊತ್ತು ಬೇಯಿಸಿ ಎರಡು ಹೊತ್ತು ಉಣ್ಣುತ್ತಾಳೆ, ಯಾರನ್ನೂ ಬೈಯುವುದಿಲ್ಲ. ಅಷ್ಟೆ ಕಥೆ. ಕೊನೆಯ ಸಾಲುಗಳು ಹೀಗಿದ್ದವು: ‘ದೀಪದ ಕುಡಿ ಒಳಕ್ಕೆ ಬಾಗಿತು. ಸದ್ದಿರಲಿಲ್ಲ. ನೀಲಮ್ಮ ತಿರುಗಿ ನೋಡಲಿಲ್ಲ. ಎಸರಿಗೆ ಇನ್ನೊಂದು ಹಿಡಿ ಅಕ್ಕಿ ಹಾಕಿದಳು.’

ಗಂಡ ಬಂದನೋ ಇಲ್ಲವೋ? ಬುತ್ತಿ ಹೋದ ಮನೆಯಲ್ಲೆಲ್ಲ ಇದೇ ಮಾತಾಗಿತ್ತು. ಬಿಳಿ ಹಾಳೆಗಳಲ್ಲಿ ಅರ್ಧ ಜನ ಬಂದ ಎಂದರೆ ಅರ್ಧ ಜನ ಇಲ್ಲ ಎಂದಿದ್ದರು. ಹರಿಣಿ ಮೈಸೂರಿನಲ್ಲಿ ಕನ್ನಡ ಎಂ.ಎ. ಮಾಡಿದವಳು. ಒಂದೂವರೆ ಪುಟ ಬರೆದಳು. ಯಾರೂ ಬಂದಿಲ್ಲ, ಗಾಳಿ ಬಂದಿದೆ. ಇನ್ನೊಂದು ಹಿಡಿ ಅಕ್ಕಿ ಊಟಕ್ಕಲ್ಲ, ಬರದವನಿಗೆ ಇಟ್ಟ ಎಡೆ. ಬಂದಿದ್ದರೆ ಎಂಟು ವರ್ಷ ಕಾದವಳು ತಿರುಗಿ ನೋಡದೆ ಇರುತ್ತಿದ್ದಳೆ? ಈ ಕೊನೆಯ ವಾಕ್ಯದ ಕೆಳಗೆ ಶಂಕರಪ್ಪನವರು ಆಮೇಲೆ ಪೆನ್ಸಿಲಿನಲ್ಲಿ ಒಂದು ಗೆರೆ ಎಳೆದಿದ್ದರು. ಅದು ಅವರ ಶಹಬಾಸ್‌ಗಿರಿ.

ಸುಮುಖ ಒಪ್ಪಲಿಲ್ಲ. ಅವನು ಉಕ್ಕಿನ ಕಾರ್ಖಾನೆಯಲ್ಲಿ ಮೆಕ್ಯಾನಿಕಲ್ ಮೇಂಟೆನೆನ್ಸಿನವನು. ಏನನ್ನು ಕಂಡರೂ ಅದು ಎಲ್ಲಿ ಸವೆದಿದೆ ಎಂದು ನೋಡುವವನು. ಬುತ್ತಿ ಮನೆಯಲ್ಲಿದ್ದ ಒಂದು ವಾರದಲ್ಲಿ ಆ ಕಥೆಯನ್ನು ನಾಲ್ಕು ಸಲ ಓದಿದ. ಬಿಳಿ ಹಾಳೆಯಲ್ಲಿ ‘ಸುಮುಖ’ ಎಂದು ಹೆಸರು ಬರೆದು, ಕೆಳಗೆ ಎರಡು ಗೆರೆ ಎಳೆದು, ಮುಂದೆ ಏನೂ ಬರೆಯಲಾರದೆ ಕೂತ. ಬಂದಿದ್ದಾನೆ ಕಣೆ, ಆ ಬಾಗಿಲು ನೋಡು ಎಂದ. ಹರಿಣಿ ನಕ್ಕಳು.

“ನೀವು ಕಥೆ ಓದಿಲ್ಲ ಕಣ್ರೀ, ಬಾಗಿಲು ಓದಿದ್ದೀರಿ. ಇದು ಬ್ರೇಕ್‌ಡೌನ್ ರಿಪೋರ್ಟಲ್ಲ.”

“ನೋಡ್ತಾ ಇರು. ನಿನ್ನ ಎಂ.ಎ.ಗೆ ಮಾರ್ಕ್ಸು ಕಮ್ಮಿ ಮಾಡಿಸ್ತೀನಿ.”

ಗಡುವು ಮುಗಿದು, ಮನೆಯ ಲೆಕ್ಕಕ್ಕೆ ಹರಿಣಿಯ ಬರಹ ಸಾಕೆಂದು, ಬುತ್ತಿ ಮುಂದಿನ ಮನೆಗೆ ಹೋಯಿತು. ಅವನ ಹೆಸರಿನ ಕೆಳಗಿನ ಪುಟ ಖಾಲಿಯಾಗಿಯೇ ಉಳಿಯಿತು. ಜನವರಿಯ ಕೊನೆಗೆ ಕಾರ್ಖಾನೆಯ ಕೆಲಸದ ಮೇಲೆ ವಿಜಯವಾಡದ ಹತ್ತಿರದ ಕೊಂಡಪಲ್ಲಿಯ ಕಡೆಗೆ ಹೋಗಿದ್ದಾಗ ಶಂಕರಪ್ಪನವರ ಮನೆಗೆ ಹೋಗಿ, ಸುತ್ತು ಮುಗಿಸಿ ಬಂದಿದ್ದ ಬುತ್ತಿಯನ್ನು ಮತ್ತೆ ಕೇಳಿದ. ಒಂದು ಮನೆಗೆ ಎರಡು ಸಲ ಕೊಡುವ ಪದ್ಧತಿಯೇ ಇರಲಿಲ್ಲ. ಹೆಂಡತಿಯ ಜೊತೆ ವಾದ ಗೆಲ್ಲಬೇಕು ಸಾರ್ ಎಂದು ಇವನು ಹೇಳಿದ ಮೇಲೆ ಅವರು ನಗುತ್ತ ಕೊಟ್ಟರಂತೆ. ಅದನ್ನು ಹಿಡಿದುಕೊಂಡು ಬಂದ ದಿನ ಅವನ ಮುಖ ನೋಡಬೇಕಿತ್ತು.

ಅದಾದ ಹನ್ನೆರಡನೆಯ ದಿನ ಬೆಳಗಿನ ಎ ಶಿಫ್ಟು ಮುಗಿಸಿ ಬೈಕಿನಲ್ಲಿ ಬರುತ್ತಿದ್ದಾಗ ಕೂರ್ಮನ್ನಪಾಲೆಂ ತಿರುವಿನಲ್ಲಿ ಲಾರಿ ತಗುಲಿತು. ಮೂವತ್ತಮೂರು ವರ್ಷ.

ಈಗ ಹಾಲು ಕಾಯುತ್ತಿತ್ತು. ಒಂದು ಲೋಟಕ್ಕೆ ಎಷ್ಟು ಡಿಕಾಕ್ಷನ್ ಬೇಕೆಂಬುದು ಹರಿಣಿಗೆ ತಟ್ಟನೆ ತಿಳಿಯಲಿಲ್ಲ. ಎರಡು ಲೋಟಕ್ಕೆ ಆಗುವಷ್ಟನ್ನೇ ಹಾಕಿ, ಕುಡಿದು, ಉಳಿದದ್ದನ್ನು ಮುಚ್ಚಿಟ್ಟಳು. ಅಳು ಬರಲಿಲ್ಲ. ಅದು ಬರದೆ ಹನ್ನೆರಡು ದಿನವಾಗಿತ್ತು. ಮೊದಲ ದಿನ ಅತ್ತಳೋ ಇಲ್ಲವೋ, ಅದು ಅವಳಿಗೆ ನೆನಪಿಲ್ಲ.

ಹತ್ತು ಗಂಟೆಯ ಹೊತ್ತಿಗೆ ಬಾಗಿಲು ತಟ್ಟಿದ ಸದ್ದಾಯಿತು. ಟೌನ್‌ಷಿಪ್ಪಿನ ಬಡಗಿ, ಕೈಯಲ್ಲಿ ಉಪಕರಣದ ಚೀಲ. ಅವನು ತೆಲುಗಿನಲ್ಲಿ, ತಗ್ಗಿದ ದನಿಯಲ್ಲಿ ಹೇಳಿದ. ಸಾರ್ ಕಂಪ್ಲೇಂಟ್ ಬರೆಸಿದ್ದರು. ನಾನು ಹೋದ ವಾರವೇ ಬಂದಿದ್ದೆ. ಮನೆ ಮುಂದೆ ಜನ ನಿಂತಿದ್ದರು, ಹಾಗೇ ಹಿಂದಕ್ಕೆ ಹೋದೆ. ತಪ್ಪು ತಿಳಿಯಬೇಡಿ ಅಮ್ಮ. ಚೀಟಿ ತೋರಿಸಿದ. ಸುಮುಖನ ಚೌಕಚೌಕದ ಇಂಗ್ಲಿಷ್ ಅಕ್ಷರ: ಮುಂಬಾಗಿಲ ಮೇಲಿನ ಕೀಲು ಸಡಿಲ, ಬಾಗಿಲು ಕುಸಿದು ನೆಲಕ್ಕೆ ಉಜ್ಜುತ್ತಿದೆ.

ಕಂಪ್ಲೇಂಟ್ ಕೊಡಿ ಎಂದು ಎರಡು ತಿಂಗಳು ತಲೆ ತಿಂದವಳು ಅವಳೇ. ಅವನಿಗೆ ಅದರ ಅಗತ್ಯವೇ ಇರಲಿಲ್ಲ. ಶಿಫ್ಟಿನಿಂದ ಹೊತ್ತಲ್ಲದ ಹೊತ್ತಿನಲ್ಲಿ ಬರುವವನು, ಅವಳ ನಿದ್ದೆ ಕೆಡಬಾರದೆಂದು ಹಿಡಿಕೆಯನ್ನು ಎರಡು ಬೆರಳಷ್ಟು ಮೇಲಕ್ಕೆತ್ತಿ ತಳ್ಳುತ್ತಿದ್ದ. ಅವನ ಕೈಯಲ್ಲಿ ಆ ಬಾಗಿಲು ಒಂದು ದಿನವೂ ಸದ್ದು ಮಾಡಿದ್ದಿಲ್ಲ.

ಬಡಗಿ ಸ್ಕ್ರೂಡ್ರೈವರ್ ತೆಗೆದು ಕೀಲಿಗೆ ಕೈ ಹಾಕಿದ.

“ಮುಟ್ಟಬೇಡಿ,” ಎಂದಳು ಹರಿಣಿ.

ಅವನು ಕೈ ಹಿಂದಕ್ಕೆ ತೆಗೆದ. ಹತ್ತೇ ನಿಮಿಷದ ಕೆಲಸ ಅಮ್ಮ, ಅದನ್ನು ಯಾಕೆ ಹಾಗೇ ಬಿಡುವುದು ಎಂದ. ಅವಳು ಬೇಡ ಎಂದಳು. ಕೆಲಸ ಆಯಿತು ಎಂದು ಚೀಟಿಗೆ ಸಹಿ ಹಾಕಿಕೊಟ್ಟಳು. ಅವನು ಏನೂ ಕೇಳದೆ ನಮಸ್ಕಾರ ಮಾಡಿ ಮೆಟ್ಟಿಲು ಇಳಿದ. ಅವನು ಕೆಳಗಿನ ಗೇಟು ದಾಟಿದ ಮೇಲೆ ಅವಳಿಗೆ ತಾನು ಆಡಿದ್ದು ಯಾರ ಮಾತೆಂದು ಹೊಳೆಯಿತು. ಕಥೆಯ ಐದನೇ ಪುಟದಲ್ಲಿ, ಕಿಟಕಿ ಸರಿಮಾಡಲು ಬಂದ ಬಡಗಿ, ಈ ಬಾಗಿಲೂ ನೆಲಕ್ಕೆ ಉಜ್ಜುತ್ತದಲ್ಲ, ಸರಿಮಾಡಿಬಿಡಲೆ ಎಂದು ಕೇಳಿದಾಗ, ನೀಲಮ್ಮ ಬೀಡಿಯ ಎಲೆಯಿಂದ ತಲೆ ಎತ್ತದೆ ಹೇಳುತ್ತಾಳೆ, ಮುಟ್ಟಬೇಡ. ಹರಿಣಿ ತನ್ನ ಒಂದೂವರೆ ಪುಟದಲ್ಲಿ ಆ ಮಾತಿಗೆ ಒಂದು ಸಾಲು ಕೊಟ್ಟಿದ್ದಳು: ದುಃಖದಲ್ಲಿ ಜಡಗಟ್ಟಿದ ಹೆಂಗಸು, ಮನೆಯನ್ನು ಇದ್ದಂತೆಯೇ ಇಟ್ಟುಕೊಳ್ಳುತ್ತಾಳೆ.

ತಾನು ಈಗ ಹಾಗೆ ಹೇಳಿದ್ದು ಜಡಗಟ್ಟಿಯೆ?

ಅವಳು ಡ್ರಾಯರ್ ಎಳೆದು ಬುತ್ತಿಯನ್ನು ಹೊರಗೆ ತೆಗೆದಳು. ಲಾಡಿ ಬಿಚ್ಚಿದರೆ ಕಥೆಯ ನಡುವೆ ಮಡಿಸಿದ ಗ್ರಾಫ್ ಹಾಳೆ. ಅದರ ಮೇಲೆ ಒಂದು ಬಾಗಿಲಿನ ಚಿತ್ರ, ಎರಡು ಕೀಲು, ಕುಸಿದ ಮೂಲೆಗೆ ಬಾಣದ ಗುರುತು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದ.

‘೧. ಪುಟ ೨ — ಬಾಗಿಲು ನೆಲಕ್ಕೆ ಉಜ್ಜುತ್ತೆ. ಪಕ್ಕದ ಮನೆಯವಳು, ಶಾನುಭೋಗ, ಬೀಡಿ ಕಂಪನಿಯವನು, ಯಾರು ತಳ್ಳಿದರೂ ಸದ್ದು. ಗಂಡ ಮಾತ್ರ ಎತ್ತಿ ತಳ್ಳುತ್ತಿದ್ದ.

೨. ಕೊನೆಯಲ್ಲಿ ದೀಪ ಬಾಗಿತು, ಅಂದರೆ ಬಾಗಿಲು ತೆರೆದಿದೆ. ಸದ್ದಿಲ್ಲ. ಗಾಳಿ ನೂಕಿದ್ದರೆ ಸದ್ದು ಬರಲೇಬೇಕು. ಗಾಳಿ ಎತ್ತಿ ತಳ್ಳಲ್ಲ.

೩. ಬಂದಿದ್ದರೆ ಯಾಕೆ ತಿರುಗಿ ನೋಡಲಿಲ್ಲ? (ಹರಿಣಿಯ ಪ್ರಶ್ನೆ.) ಇದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ಅವಳನ್ನೇ ಕೇಳಬೇಕು.’

ಅವನು ಕೇಳಿರಲಿಲ್ಲ. ಕೇಳಿದರೆ ಸೋತಂತಾಗುತ್ತದೆಂದು ಇನ್ನೊಂದೆರಡು ದಿನ ತಾನೇ ಹುಡುಕಿರಬೇಕು. ಅಥವಾ ಆ ಭಾನುವಾರ ಕೇಳೋಣವೆಂದಿದ್ದನೇನೋ.

ಹರಿಣಿ ಹಾಳೆಯನ್ನು ಮೇಜಿನ ಮೇಲೆ ಹರಡಿಟ್ಟು ಅದರ ಮುಂದೆ ಕೂತಳು. ಸೂರ್ಯಕಾಂತಮ್ಮ ಮಧ್ಯಾಹ್ನ ಊಟ ತಂದವರು ಅದನ್ನು ನೋಡಿ, ಕಾರ್ಖಾನೆಯ ಕಾಗದವಾ ಎಂದು ಕೇಳಿ, ಇವತ್ತು ಬೇಡ ಬಂಗಾರಂ, ನಾಳೆ ನೋಡಿಕೊಳ್ಳುವಿಯಂತೆ ಎಂದು ಅನ್ನ ಕಲೆಸಿ ತಟ್ಟೆ ಮುಂದಿಟ್ಟು ಹೋದರು. ಹೋಗುವಾಗ ಬಾಗಿಲು ಕಿರುಚಿತು. ಹರಿಣಿ ತಲೆ ಎತ್ತಿ ನೋಡಿದಳು.

ನೋಡಿದ ಮೇಲೆ, ನೋಡಿದೆನಲ್ಲ ಎಂದುಕೊಂಡಳು.

ಆ ಕೊನೆಯ ದಿನ ಬೆಳಗ್ಗೆ ಐದೂವರೆಗೆ ಸುಮುಖ ಹೊರಟಿದ್ದ. ಅವಳು ಒಲೆಯ ಮುಂದೆ ನಿಂತು ಹಾಲು ಉಕ್ಕದಂತೆ ನೋಡಿಕೊಳ್ಳುತ್ತಿದ್ದಳು. ಅವನು ಮೆಟ್ಟಿಲು ಇಳಿದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಕೊರಳ ಹಿಂದೆ ತಣ್ಣಗೆ ಗಾಳಿ ಸೋಕಿತು. ಬಾಗಿಲು ಸದ್ದು ಮಾಡಿರಲಿಲ್ಲ. ಮರೆತ ಐಡಿ ಕಾರ್ಡಿಗೆ ವಾಪಸು ಬಂದಿದ್ದಾನೆ ಎಂದು ಅವಳಿಗೆ ಗೊತ್ತಾಯಿತು. ಟೇಬಲ್ ಮೇಲಿದೆ ಎಂದಳು. ತಿರುಗಲಿಲ್ಲ. ಅವನು ತೆಗೆದುಕೊಂಡು ಹೋದ. ಹೋಗುವಾಗಲೂ ಸದ್ದಿಲ್ಲ. ಒಮ್ಮೆ ತಿರುಗಿದ್ದರೆ ಮುಖ ಕಾಣುತ್ತಿತ್ತು. ಹದಿಮೂರು ದಿನದಿಂದ ಅವಳು ಬಾಯಿ ಬಿಟ್ಟು ಯಾರಿಗೂ ಹೇಳದಿದ್ದದ್ದು ಇದನ್ನೇ. ಕನ್ನಡಿಯ ಮುಂದೆ, ಬಚ್ಚಲಲ್ಲಿ, ತಿಥಿಯ ಎಲೆಯ ಮುಂದೆ ತನ್ನನ್ನು ತಾನು ಕೇಳಿಕೊಂಡಿದ್ದಳು: ಯಾಕೆ ತಿರುಗಿ ನೋಡಲಿಲ್ಲ?

ಆ ಪ್ರಶ್ನೆಯೇ ಗ್ರಾಫ್ ಹಾಳೆಯ ಮೇಲೂ ಇತ್ತು, ಅವನ ಅಕ್ಷರದಲ್ಲಿ, ಅವಳ ಹೆಸರಿನ ಜೊತೆಗೆ.

ಉತ್ತರ ಅವಳಿಗೆ ಗೊತ್ತಿತ್ತು. ಬರೆಯುವುದಷ್ಟೇ ಬಾಕಿ. ಆದರೆ ಪೆನ್ನು ಹಿಡಿಯಲು ಒಂಬತ್ತು ದಿನ ಬೇಕಾಯಿತು. ಶಂಕರಪ್ಪನವರು ಫೋನು ಮಾಡಿ, ಬುತ್ತಿಯ ಚಿಂತೆ ಬೇಡ, ಯುಗಾದಿಗೆ ಯಾರಾದರೂ ಬಂದು ತರುತ್ತಾರೆ ಎಂದರು. ಇಲ್ಲ ಸಾರ್, ನಾನೇ ತರುತ್ತೇನೆ, ಅವರ ಪುಟ ಖಾಲಿಯಿದೆ ಎಂದಳು. ಖಾಲಿ ಇದ್ದರೂ ಪರವಾಗಿಲ್ಲಮ್ಮ ಎಂದರು ಅವರು.

ಪರವಾಗಿಲ್ಲ ಎಂದರೆ ಹೇಗೆ? ಹಿಂದಿನ ಪುಟದಲ್ಲಿ ಅವಳ ಒಂದೂವರೆ ಪುಟದ ಜಾಣತನ ಶಾಯಿಯಲ್ಲಿ ಕೂತಿತ್ತು. ಮುಂದಿನ ಪುಟದಲ್ಲಿ ಬರಿಯ ಹೆಸರು, ಎರಡು ಗೆರೆ. ನೋಡಿದವರು ಏನೆಂದುಕೊಳ್ಳಬೇಕು? ಹೆಂಡತಿ ಗೆದ್ದಳು, ಗಂಡನಿಗೆ ಉತ್ತರ ಹೊಳೆಯಲಿಲ್ಲ ಎಂದೇ ಅಲ್ಲವೆ. ಯುಗಾದಿಯ ಕೂಟದಲ್ಲಿ ಆ ಪುಟವನ್ನು ಹಾಗೇ ಮಗುಚಿ ಹಾಕಿಬಿಡುತ್ತಾರೆ. ಅವನು ಬರೆಯಬೇಕೆಂದಿದ್ದದ್ದನ್ನು ಬರೆಯಬೇಕು. ಆದರೆ ಸುಳ್ಳು ಬರೆಯಬಾರದು. ಸತ್ತವರಿಗೆ ಮರ್ಯಾದೆ ಕೊಡುವ ಹಾಗೆ ಬರೆದರೆ ಅವನು ಒಪ್ಪುತ್ತಿರಲಿಲ್ಲ. ವಾದದಲ್ಲಿ ಬಿಟ್ಟುಕೊಟ್ಟರೆ ಅವನಿಗೆ ಸಿಟ್ಟು ಬರುತ್ತಿತ್ತು. ಕೇರಂ ಆಟದಲ್ಲೂ ಹಾಗೆಯೇ.

ಹತ್ತನೆಯ ದಿನ ಬೆಳಗ್ಗೆ ಮನೆ ಗುಡಿಸಿ, ಸ್ನಾನ ಮಾಡಿ, ಅವನ ಕುರ್ಚಿಯಲ್ಲಿ ಕೂತು, ಅವನ ಹೆಸರಿನ ಕೆಳಗೆ, ಅವನು ಎಳೆದಿದ್ದ ಗೆರೆಗಳನ್ನು ಬಿಟ್ಟು, ಬರೆದಳು.

‘ನೀಲಮ್ಮನ ಗಂಡ ಬಂದಿದ್ದಾನೆ. ಆ ಬಾಗಿಲನ್ನು ಎತ್ತಿ ತಳ್ಳಬೇಕೆಂದು ಗೊತ್ತಿದ್ದವನು ಅವನೊಬ್ಬನೇ. ಗಾಳಿಗೆ ಅದು ಗೊತ್ತಿಲ್ಲ.

ಬಾಗಿಲು ಮುಟ್ಟಬೇಡ ಎಂದು ಅವಳು ಬಡಗಿಗೆ ಹೇಳುವುದು ಜಡವಾಗಿ ಅಲ್ಲ. ಸರಿಹೋದ ಬಾಗಿಲು ಯಾರು ತಳ್ಳಿದರೂ ಸದ್ದು ಮಾಡುವುದಿಲ್ಲ. ಕೆಟ್ಟ ಬಾಗಿಲು ಮಾತ್ರ ಬಂದವರು ಯಾರೆಂದು ಹೇಳುತ್ತದೆ. ಅದಕ್ಕೇ ಎಂಟು ವರ್ಷ ಅದನ್ನು ಹಾಗೆಯೇ ಇಟ್ಟುಕೊಂಡಳು.

ಬಂದಿದ್ದರೆ ತಿರುಗಿ ನೋಡುತ್ತಿದ್ದಳು ಎಂದು ಹಿಂದಿನ ಪುಟದಲ್ಲಿ ಬರೆದಿದೆ. ಕಥೆಯನ್ನು ಮತ್ತೆ ಓದಿ. ಪಕ್ಕದ ಮನೆಯವಳು ಬಂದಾಗ ನೀಲಮ್ಮ ತಿರುಗುತ್ತಾಳೆ. ಶಾನುಭೋಗ ಬಂದಾಗ ತಿರುಗುತ್ತಾಳೆ. ಬೀಡಿ ಕಂಪನಿಯವನು ಬಂದಾಗಲೂ ತಿರುಗುತ್ತಾಳೆ. ಸದ್ದಾದಾಗೆಲ್ಲ ತಿರುಗುವವಳು ಸದ್ದಾಗದಾಗ ಮಾತ್ರ ತಿರುಗುವುದಿಲ್ಲ. ಯಾರೋ ಎಂದು ತಿಳಿಯದವರು ತಿರುಗುತ್ತಾರೆ. ಇವನೇ ಎಂದು ತಿಳಿದವರು ಕೈಯಲ್ಲಿದ್ದ ಕೆಲಸ ಮಾಡುತ್ತಿರುತ್ತಾರೆ. ಮುಖ ಆಮೇಲೆ ನೋಡಿದರಾಯಿತು, ಇಲ್ಲೇ ಇರುತ್ತಾನಲ್ಲ ಎಂಬ ಧೈರ್ಯ. ಗಂಡ ಬಂದನೆಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಆ ಕಥೆಯಲ್ಲಿ ಬೇರೆ ಇಲ್ಲ.’

ಪೆನ್ನಿನ ಮುಚ್ಚಳ ಹಾಕಿದ ಮೇಲೆ ಅವಳು ಮೇಜಿನ ಮೇಲೆ ಹಣೆ ಇಟ್ಟು ಅತ್ತಳು. ಸೂರ್ಯಕಾಂತಮ್ಮ ಗೋಡೆಯಾಚೆಯಿಂದ ಕೇಳಿಸಿಕೊಂಡು ಬಂದು ಬಾಗಿಲ ಬಳಿ ನಿಂತರು, ಒಳಗೆ ಬರಲಿಲ್ಲ.

ಯುಗಾದಿಗೆ ಇನ್ನೂ ಎರಡು ವಾರವಿತ್ತು. ಕೂಟದಲ್ಲಿ ಕೂತು ಜನರ ಕನಿಕರ ತಿನ್ನುವ ಶಕ್ತಿ ಅವಳಲ್ಲಿ ಇರಲಿಲ್ಲ. ಮಾರನೆಯ ಮಧ್ಯಾಹ್ನ ರತ್ನಾಚಲ್ ಹತ್ತಿದಳು. ಕಿಟಕಿಯ ಪಕ್ಕದ ಸೀಟು. ಅನಕಾಪಲ್ಲಿ ಬಂದಾಗ ಬೆಲ್ಲದ ವಾಸನೆ ಬೋಗಿಯೊಳಕ್ಕೆ ನುಗ್ಗಿತು. ಅಲ್ಲಿ ಅವನು ಪ್ರತಿ ಸಲವೂ ಬೆಲ್ಲ ಕೊಳ್ಳಲು ಇಳಿದು, ರೈಲು ಹೊರಟಿತೆಂದು ಓಡಿ ಬಂದು, ಕೈಯಲ್ಲಿ ಬೆಲ್ಲವಿಲ್ಲದೆ ಏದುಸಿರು ಬಿಡುತ್ತ ಕೂರುತ್ತಿದ್ದ. ಅವಳು ಬುತ್ತಿಯ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಎರಡೂ ಕೈಯಿಂದ ಹಿಡಿದುಕೊಂಡಳು. ಪಕ್ಕದ ಹೆಂಗಸು, ಅದರಲ್ಲಿ ಒಡೆಯುವಂಥದ್ದೇನಾದರೂ ಇದೆಯಾ ಎಂದು ತೆಲುಗಿನಲ್ಲಿ ಕೇಳಿದಳು. ಪುಸ್ತಕ ಎಂದಳು ಹರಿಣಿ.

ಬೆಂಜ್ ಸರ್ಕಲ್ಲಿನಲ್ಲಿ ಆಟೋ ಇಳಿಯುವ ಹೊತ್ತಿಗೆ ದೀಪ ಹಚ್ಚಿದ್ದರು. ಶಂಕರಪ್ಪನವರು ಬೆಲ್ಲು ಕೇಳಿ ತಾವೇ ಬಾಗಿಲು ತೆರೆದರು. ಅರವತ್ತಕ್ಕೆ ಹತ್ತಿರದ, ದಾವಣಗೆರೆ ಕಡೆಯ ಮನುಷ್ಯ. ಬ್ಯಾಂಕಿನಿಂದ ಬಂದವರು ಇನ್ನೂ ಬೂಟು ಬಿಚ್ಚಿರಲಿಲ್ಲ. ಬನ್ರಮ್ಮ ಎಂದಷ್ಟೇ ಅಂದರು. ಅವರ ಹೆಂಡತಿ ವಿಜಯಲಕ್ಷ್ಮೀ ಒಳಗಿನಿಂದ ಬಂದು ಹರಿಣಿಯ ಕೈ ಹಿಡಿದುಕೊಂಡು ಕೂರಿಸಿದರು. ರಾತ್ರಿ ಇಲ್ಲೇ ಇದ್ದು ಬೆಳಗಿನ ರೈಲಿಗೆ ಹೋಗಬೇಕು ಎಂದು ಅವರೇ ತೀರ್ಮಾನ ಮಾಡಿ ನೀರು ತರಲು ಹೋದರು.

ಹರಿಣಿ ಚೀಲದಿಂದ ಬುತ್ತಿಯನ್ನು ತೆಗೆದು, ಲಾಡಿ ಬಿಚ್ಚಿ, ಅವನ ಪುಟವನ್ನು ತೆರೆದು ಅವರ ಮುಂದೆ ಹಿಡಿದಳು. ಅವರು ಕನ್ನಡಕ ಹುಡುಕಿ ಹಾಕಿಕೊಂಡು ನಿಂತೇ ಓದಿದರು. ಒಮ್ಮೆ ಹಿಂದಿನ ಪುಟ ತಿರುವಿದರು. ಮತ್ತೆ ಮುಂದಕ್ಕೆ ಬಂದರು. ಓದಿ ಮುಗಿಸಿಯೂ ಪುಟದ ಮೇಲಿಂದ ಕಣ್ಣು ತೆಗೆಯಲಿಲ್ಲ.

“ಎರಡೂ ನಿಮ್ಮ ಅಕ್ಷರವೇ,” ಎಂದರು ಕೊನೆಗೆ.

“ಇದು ಅವರದು ಸಾರ್. ನಾನು ಬರೆದುಕೊಟ್ಟೆ, ಅಷ್ಟೆ.”

“ಹಾಗಾದರೆ ಈಗ ನಿಮ್ಮ ಅಭಿಪ್ರಾಯ ಯಾವುದಮ್ಮ?”

ಹರಿಣಿ ಅವನು ಎಳೆದಿದ್ದ ಎರಡು ಗೆರೆಗಳನ್ನು ನೋಡಿದಳು.

“ಕಥೆಯಲ್ಲಿ ಬಂದಿದ್ದಾನೆ ಸಾರ್.”

ಶಂಕರಪ್ಪನವರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿಕೊಂಡರು. ಬೇಕಾದರೆ ಬರೆದವರು ಯಾರೆಂದು ಈಗಲೇ ಹೇಳುತ್ತೇನೆ, ಪದ್ಧತಿ ಹಾಳಾಗಿ ಹೋಗಲಿ, ನೀವೇ ಫೋನು ಮಾಡಿ ಕೇಳಿ ಎಂದರು. ಅವಳು ತಲೆಯಾಡಿಸಿದಳು.

“ಬೇಡ ಸಾರ್. ಬರೆದವರು, ಬಂದಿಲ್ಲ ಅಂದುಬಿಟ್ಟರೆ?”

ಅವರು ಪುಟಗಳ ನಡುವಿನಿಂದ ಜಾರಿ ಬಿದ್ದಿದ್ದ ಗ್ರಾಫ್ ಹಾಳೆಯನ್ನು ಬಗ್ಗಿ ಎತ್ತಿಕೊಂಡರು. ಬಿಚ್ಚಿ ನೋಡಿ, ಮೊದಲಿದ್ದ ಮಡಿಕೆಯಲ್ಲೇ ಮಡಿಸಿ, ಇದು ನಿಮ್ಮ ಹತ್ತಿರ ಇರಲಿ ಎಂದು ಅವಳ ಕಡೆ ಚಾಚಿದರು. ಹರಿಣಿ ತೆಗೆದುಕೊಂಡಳು. ಪೆನ್ಸಿಲಿನ ಅಕ್ಷರ ಹಾಳೆಯ ಹಿಂಬದಿಗೂ ಒತ್ತಿಕೊಂಡಿತ್ತು. ಹೆಬ್ಬೆರಳಿಗೆ ಅದರ ಉಬ್ಬು ತಾಗಿತು. ಸ್ವಲ್ಪ ಹೊತ್ತು ಹಾಗೇ ಹಿಡಿದುಕೊಂಡಿದ್ದಳು.

ಆಮೇಲೆ ಅದನ್ನು ಅವನ ಪುಟದ ನಡುವೆ ಇಟ್ಟಳು. ಬಾಗಿಲಿನ ಚಿತ್ರವಿಲ್ಲದಿದ್ದರೆ ಓದುವವರಿಗೆ ವಾದ ತಿಳಿಯುವುದಿಲ್ಲ ಎಂದಳು. ಖಾಕಿ ರಟ್ಟು ಮುಚ್ಚಿ, ಲಾಡಿ ಎರಡು ಸುತ್ತು ಸುತ್ತಿ ಗಂಟು ಹಾಕಿದಳು.

“ತಗೊಳ್ಳಿ ಸಾರ್. ಯುಗಾದಿಗೆ ಮೊದಲು ಕೊಡ್ತೀನಿ ಅಂದಿದ್ದರು.”

ಅವರು ಎರಡೂ ಕೈ ಚಾಚಿದರು. ಅವಳು ಬುತ್ತಿಯನ್ನು ಆ ಕೈಗಳ ಮೇಲೆ ಇಟ್ಟಳು.